ಮಣ್ಣು ತೊಳೆಯುವ ವಿದ್ಯುತ್ತು

ವಿದ್ಯುಚ್ಛಕ್ತಿ ನಮ್ಮ ನಾಡಿಗೆ ಬಂದು ನೂರಿಪ್ಪತ್ತು ವರ್ಷಗಳು ದಾಟಿದುವು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ 1908ರಲ್ಲಿ ಮೈಸೂರನ್ನೂ ಬೆಳಗಿತು. ಅಂದಿನಿಂದ ಅದರ ಮೂರು ಕೆಲಸಗಳನ್ನು ನಾವೆಲ್ಲ ಬಲ್ಲೆವು. ಅದು ದೀಪ ಉರಿಸುತ್ತದೆ, ಚಕ್ರ ತಿರುಗಿಸುತ್ತದೆ, ಒಲೆ ಕಾಯಿಸುತ್ತದೆ. ಅದಕ್ಕೆ ನಾಲ್ಕನೆಯ ಕೆಲಸವೊಂದು ಗೊತ್ತು. ಬೆರೆತುಹೋದದ್ದನ್ನು ಅದು ಬೇರ್ಪಡಿಸಬಲ್ಲುದು. ಅಕ್ಕಿಯಿಂದ ಕಲ್ಲನ್ನು ಆರಿಸುವ ಗೃಹಿಣಿಯ ಹಾಗೆ, ನೀರಿನಿಂದ ಉಪ್ಪನ್ನೂ ಮಣ್ಣಿನಿಂದ ವಿಷವನ್ನೂ ಆರಿಸಿ ಒಂದು ಪಕ್ಕಕ್ಕೆ ತಳ್ಳಬಲ್ಲುದು. ಈ ಕೆಲಸವನ್ನು ಕುರಿತು ನಿಮ್ಮೊಡನೆ ಕೆಲವು ಮಾತನಾಡಬೇಕೆಂದಿದ್ದೇನೆ.

ಈ ವಿಷಯ ನನ್ನ ತಲೆಗೆ ಬಂದದ್ದು ಒಬ್ಬ ರೈತರಿಂದ. ಗುಂಡ್ಲುಪೇಟೆಯಿಂದ ಪಶ್ಚಿಮಕ್ಕೆ, ಬಂಡೀಪುರದ ಕಾಡಿನ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಅವರ ಜಮೀನು. ಅರಿಸಿನ, ಈರುಳ್ಳಿ, ಚೆಂಡುಹೂವು ಬೆಳೆಯುವವರು. ಬದುವಿನ ಮೇಲೆ ಕುಳಿತು ಮಾತನಾಡುತ್ತಿದ್ದಾಗ, ತಗ್ಗಿನ ಕಪ್ಪುಮಣ್ಣಿನ ಮೇಲೆ ಅಲ್ಲಲ್ಲಿ ಬೆಳ್ಳಗೆ ಹುಡಿ ಹೊಮ್ಮಿದ್ದನ್ನು ತೋರಿಸಿ, "ನೋಡಪ್ಪ, ಚೌಳು ಏಳ್ತಾ ಅದೆ. ಕರೆಂಟು ಕೊಟ್ರೆ ಉಪ್ಪು ಒಂದ್ ಕಡೀಕೆ ಬಂದ್ಬುಡ್ತದಂತೆ. ನಮ್ಮ ಹುಡುಗ ಎಲ್ಲೋ ಓದ್ದ. ದಿಟವಾ?" ಎಂದು ಕೇಳಿದರು. ದಿಟ ಎಂದೆ. "ಅಂಗಾದ್ರೆ ಪಂಪಿನ ಕರೆಂಟೇ ಅದಲ್ಲ, ಕೊಡಿಸ್ಬುಡು" ಎಂದರು. ಆಗ ನಾನು ಸುಮ್ಮನಾದೆ. ದಿಟವಾದುದೆಲ್ಲ ನಮ್ಮ ಹೊಲಕ್ಕೆ ಹೊಂದುತ್ತದೆಯೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಲೆಕ್ಕ ಹಾಕಬೇಕು.

ಮೊದಲು ಆ ಉಪ್ಪು ಎಲ್ಲಿಂದ ಬಂದಿತು ಎಂಬುದನ್ನು ನೋಡೋಣ. ಗುಂಡ್ಲುಪೇಟೆಯ ಸೀಮೆ ಪಶ್ಚಿಮ ಘಟ್ಟಗಳ ಮಳೆಯ ಮರೆಯಲ್ಲಿದೆ. ಕಾಡಿನ ಅಂಚಿನಿಂದ ಪೂರ್ವಕ್ಕೆ ಬಂದಂತೆಲ್ಲ ಮಳೆ ಕಡಮೆಯಾಗುತ್ತದೆ. ನಂಜನಗೂಡಿನ ಬಳಿ ಕಪಿಲೆಯನ್ನು ಕೂಡುವ ಗುಂಡ್ಲು ಹೊಳೆ ಹೆಚ್ಚು ಕಾಲ ಬತ್ತಿಯೇ ಇರುತ್ತದೆ. ಬೇಸಾಯಕ್ಕೆ ಕೊಳವೆಬಾವಿಯೇ ಆಧಾರ. ಈ ತಾಲ್ಲೂಕಿನ ಬೇರಂಬಾಡಿಯ ಸುತ್ತಿನ ಸುಮಾರು 84 ಚದರ ಕಿಲೋಮೀಟರು ಜಲಾನಯನ ಪ್ರದೇಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರಾನ್ಸಿನ ವಿಜ್ಞಾನಿಗಳ ಜೊತೆ ಸೇರಿ ಹಲವು ವರ್ಷಗಳಿಂದ ಅಳೆಯುತ್ತ ಬಂದಿದ್ದಾರೆ. ಮಳೆ ಎಷ್ಟು, ಬಾವಿಯ ಮಟ್ಟ ಎಷ್ಟು, ನೀರಿನಲ್ಲಿ ಏನೇನಿದೆ ಎಂಬುದೆಲ್ಲ ಅವರ ಲೆಕ್ಕದಲ್ಲಿದೆ. ಇನ್ನೂರಕ್ಕೂ ಹೆಚ್ಚು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಬಾವಿಗಳಲ್ಲಿ ನೈಟ್ರೇಟು ಕುಡಿಯುವ ನೀರಿನ ಮಿತಿಯನ್ನು ಹಲವು ಪಟ್ಟು ಮೀರಿದ್ದುದು ಕಂಡುಬಂದಿತು. 2020ರ ಇನ್ನೊಂದು ಅಧ್ಯಯನ, ಬೆಳೆಗೆ ಹಾಕುವ ಪೊಟ್ಯಾಷ್ ಗೊಬ್ಬರದ ಜೊತೆಗೆ ಬರುವ ಕ್ಲೋರೈಡು ಅಂತರ್ಜಲದಲ್ಲಿ ಶೇಖರವಾಗಿ ನೀರು ಉಪ್ಪಾಗತೊಡಗಿದೆ ಎಂದು ತೋರಿಸಿತು.

ಇದು ನಡೆಯುವ ಬಗೆ ಸರಳ. ಬಾವಿಯಿಂದ ನೀರೆತ್ತಿ ಹೊಲಕ್ಕೆ ಬಿಡುತ್ತೇವೆ. ಬಿಸಿಲೂ ಬೆಳೆಯೂ ನೀರನ್ನು ಮಾತ್ರ ಕುಡಿಯುತ್ತವೆ. ಉಪ್ಪಿನ ಬಹುಪಾಲು ಮಣ್ಣಿನಲ್ಲಿಯೇ ಉಳಿಯುತ್ತದೆ. ಮುಂದಿನ ಮಳೆ ಅದನ್ನು ಕೆಳಕ್ಕೆ ಇಳಿಸುತ್ತದೆ. ಅದೇ ಬಾವಿಯಿಂದ ಅದನ್ನೇ ಮತ್ತೆ ಮೇಲೆತ್ತುತ್ತೇವೆ, ಅದರ ಮೇಲೆ ಹೊಸ ಗೊಬ್ಬರ ಹಾಕುತ್ತೇವೆ. ಹುಳಿಯ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು, ಕುದಿದು ಬತ್ತಿದಾಗಲೆಲ್ಲ ಅದಕ್ಕೆ ಉಪ್ಪು ನೀರನ್ನೇ ಸುರಿಯುತ್ತ ಹೋದರೆ ಏನಾಗುತ್ತದೆಂದು ಮನೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ಈಗ ವಿದ್ಯುತ್ತಿನ ಕಡೆಗೆ ಬರೋಣ. ಉಪ್ಪು ನೀರಿನಲ್ಲಿ ಕರಗಿದಾಗ ಅದರ ಕಣ ಎರಡಾಗಿ ಒಡೆಯುತ್ತದೆ. ಸೋಡಿಯಮ್ಮಿನ ಭಾಗಕ್ಕೆ ಧನ ವಿದ್ಯುದಂಶ, ಕ್ಲೋರಿನ್ನಿನ ಭಾಗಕ್ಕೆ ಋಣ ವಿದ್ಯುದಂಶ. ಇಂಥ ಭಾಗಗಳಿಗೆ ಅಯಾನುಗಳೆಂದು ಹೆಸರು. ಆ ನೀರಿನಲ್ಲಿ ಎರಡು ಕಡ್ಡಿಗಳನ್ನಿಟ್ಟು ಬ್ಯಾಟರಿಗೆ ಜೋಡಿಸಿದರೆ, ಧನ ಅಯಾನುಗಳು ಋಣದ ಕಡ್ಡಿಯ ಕಡೆಗೂ ಋಣ ಅಯಾನುಗಳು ಧನದ ಕಡ್ಡಿಯ ಕಡೆಗೂ ಹೊರಡುತ್ತವೆ. ಸೀಸ, ತಾಮ್ರ ಮೊದಲಾದ ಲೋಹಗಳು ಸಾಮಾನ್ಯವಾಗಿ ಒಂದು ಕಡೆಗೆ, ನೈಟ್ರೇಟು, ಫ್ಲೋರೈಡು, ಕ್ಲೋರೈಡುಗಳು ಇನ್ನೊಂದು ಕಡೆಗೆ. ಎರಡು ಕಡ್ಡಿಗಳ ನಡುವೆ ಹೀಗೆ ಎಳೆತ ಹಬ್ಬಿರುವ ಜಾಗಕ್ಕೆ ವಿದ್ಯುತ್ ಕ್ಷೇತ್ರವೆನ್ನುತ್ತಾರೆ.

ಒದ್ದೆ ಮಣ್ಣಿನಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಅದನ್ನು ಮೊದಲು ಕಂಡವನು ಮಾಸ್ಕೋ ನಗರದಲ್ಲಿ ಅಧ್ಯಾಪಕನಾಗಿದ್ದ ರಾಯ್ಸ್ ಎಂಬಾತ. ಒದ್ದೆ ಜೇಡಿಮಣ್ಣಿನ ಮುದ್ದೆಗೆ ಎರಡು ಗಾಜಿನ ಕೊಳವೆಗಳನ್ನು ಚುಚ್ಚಿ, ಎರಡರಲ್ಲಿಯೂ ನೀರು ತುಂಬಿ, ಒಂದೊಂದಕ್ಕೂ ಬ್ಯಾಟರಿಯ ಒಂದೊಂದು ತಂತಿಯನ್ನು ಇಳಿಬಿಟ್ಟ. ಯಾರೂ ಒತ್ತಲಿಲ್ಲ, ಯಾರೂ ಹೀರಲಿಲ್ಲ. ಆದರೂ ಋಣದ ಕೊಳವೆಯಲ್ಲಿ ನೀರು ಏರಿತು; ಧನದ ಕೊಳವೆಯಲ್ಲಿ ನೀರು ಇಳಿದು ಕದಡಿತು. ಈ ಪ್ರಯೋಗ 1809ರಲ್ಲಿ ಪ್ರಕಟವಾಯಿತು. ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶವಿದೆ. ಅವುಗಳ ಸುತ್ತಲಿನ ನೀರಿನ ತೆಳು ಪದರದಲ್ಲಿ ಧನದ ಅಯಾನುಗಳು ಹೆಚ್ಚಾಗಿರುತ್ತವೆ. ಅವು ಋಣದ ತಂತಿಯ ಕಡೆಗೆ ಹೊರಟಾಗ ನೀರನ್ನೂ ತಮ್ಮೊಡನೆ ಎಳೆದುಕೊಂಡು ಹೋಗುತ್ತವೆ. ಜಾತ್ರೆಯ ಗುಂಪು ಒಂದು ಕಡೆಗೆ ಹೊರಟರೆ ನಡುವೆ ನಿಂತವರೂ ಅದರೊಡನೆ ಸಾಗಲೇಬೇಕಲ್ಲವೆ, ಹಾಗೆ.

ಇದರ ಒಂದು ಅಂಶವನ್ನು ನೀವು ಮನೆಯಲ್ಲಿಯೇ ನೋಡಬಹುದು. ಮಸಿ ಹೀರುವ ಕಾಗದದ ಒಂದು ಪಟ್ಟಿಯನ್ನು ಅರಿಸಿನದ ನೀರಿನಲ್ಲಿ ಅದ್ದಿ, ಚಿಟಿಕೆ ಅಡಿಗೆ ಉಪ್ಪು ಕರಗಿಸಿದ ನೀರಿನಿಂದ ತೇವಮಾಡಿ, ತಟ್ಟೆಯಲ್ಲಿಡಿ. ಒಂಬತ್ತು ವೋಲ್ಟಿನ ಸಣ್ಣ ಬ್ಯಾಟರಿಗೆ ಜೋಡಿಸಿದ ಎರಡು ತಂತಿಗಳ ತುದಿಗಳನ್ನು ಎರಡು ಕೊನೆಗಳಿಗೆ ಒತ್ತಿ ಹಿಡಿಯಿರಿ. ಕಿಟಕಿ ತೆರೆದಿರಲಿ. ಕೆಲವು ನಿಮಿಷಗಳಲ್ಲಿ ಋಣದ ತಂತಿಯ ಸುತ್ತ ಹಳದಿ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕುಂಕುಮವಾಗುವ ಬಣ್ಣವೇ ಇದು. ಋಣಾಗ್ರದಲ್ಲಿ ನೀರು ಒಡೆದು ಕ್ಷಾರ ಹುಟ್ಟಿತೆಂದು ಅರಿಸಿನ ಸಾಕ್ಷಿ ಹೇಳುತ್ತದೆ. ಧನಾಗ್ರದಲ್ಲಿ ಇದಕ್ಕೆ ವಿರುದ್ಧವಾಗಿ ಆಮ್ಲ ಹುಟ್ಟುತ್ತದೆ. ಒಂದು ಎಚ್ಚರಿಕೆ: ಇದಕ್ಕೆ ಮನೆಯ ಗೋಡೆಯ ಪ್ಲಗ್ಗನ್ನು ಎಂದಿಗೂ ಮುಟ್ಟಬಾರದು. ಆ ವಿದ್ಯುತ್ತು ಕ್ಷಣಕ್ಕೆ ಹಲವು ಬಾರಿ ದಿಕ್ಕು ಬದಲಿಸುವುದರಿಂದ ಈ ಪ್ರಯೋಗ ನಡೆಯುವುದಿಲ್ಲ, ಪ್ರಾಣ ಹೋಗುತ್ತದೆ.

ಈ ಆಮ್ಲ, ಕ್ಷಾರಗಳೇ ಮಣ್ಣು ತೊಳೆಯುವ ಕೆಲಸದಲ್ಲಿ ಸಹಾಯಕರೂ ಹೌದು, ಕಂಟಕರೂ ಹೌದು. ಧನಾಗ್ರದಿಂದ ಹೊರಟ ಆಮ್ಲ ಮಣ್ಣಿನೊಳಗೆ ಸಾಗುತ್ತ, ಜೇಡಿಗೆ ಅಂಟಿಕೊಂಡ ಲೋಹಗಳನ್ನು ಬಿಡಿಸುತ್ತದೆ. ಆದರೆ ಎದುರಿನಿಂದ ಬರುವ ಕ್ಷಾರವನ್ನು ಸಂಧಿಸುವ ಕಡೆ ಲೋಹ ಮತ್ತೆ ಗಟ್ಟಿಯಾಗಿ ನಿಂತುಬಿಡುತ್ತದೆ. ಆದ್ದರಿಂದ ಋಣಾಗ್ರದ ಗುಂಡಿಗೆ ವಿನಿಗರಿನಲ್ಲಿರುವಂಥ ಸೌಮ್ಯವಾದ ಆಮ್ಲವನ್ನು ಹನಿಸುತ್ತ, ಅಲ್ಲಿ ಕೂಡುವ ಕೊಳೆಯ ನೀರನ್ನು ಹೊರಕ್ಕೆ ತೆಗೆಯುತ್ತ ಇರಬೇಕಾಗುತ್ತದೆ.

ಇಷ್ಟು ಕಷ್ಟಪಡುವುದೇಕೆ, ನೀರು ಹಾಯಿಸಿ ತೊಳೆದರಾಗದೆ ಎಂದು ನೀವು ಕೇಳಬಹುದು. ಮರಳು ನೆಲವಾದರೆ ಆಗುತ್ತದೆ. ಜೇಡಿಮಣ್ಣಿನಲ್ಲಿ ಆಗುವುದಿಲ್ಲ. ಬಿಗಿಯಾದ ಜೇಡಿಯಲ್ಲಿ ನೀರು ತನ್ನ ಭಾರದಿಂದ ಇಳಿಯುವುದು ದಿನಕ್ಕೆ ಕೂದಲೆಳೆಯ ದಪ್ಪದಷ್ಟು. ಅದೇ ಮಣ್ಣಿಗೆ ಸೆಂಟಿಮೀಟರಿಗೆ ಒಂದು ವೋಲ್ಟಿನಂತೆ ವಿದ್ಯುತ್ತು ಕೊಟ್ಟರೆ ನೀರು ದಿನಕ್ಕೆ ಕೆಲವು ಸೆಂಟಿಮೀಟರು ಸಾಗುತ್ತದೆ. ನೀರಿಗೆ ಬಾಗಿಲು ಮುಚ್ಚುವ ಮಣ್ಣು ವಿದ್ಯುತ್ತಿಗೆ ಬಾಗಿಲು ತೆರೆಯುತ್ತದೆ. ಈ ವಿಧಾನದ ಹಿರಿಮೆಯೆಲ್ಲ ಇಲ್ಲಿದೆ.

ಇದನ್ನು ಚೌಳು ಭೂಮಿಗೆ ಬಳಸಿ ನೋಡಿದವರಲ್ಲಿ ನಮ್ಮ ದೇಶದವರೇ ಮೊದಲಿಗರ ಸಾಲಿನಲ್ಲಿದ್ದಾರೆಂಬುದು ಸಂತೋಷದ ಸಂಗತಿ. ಪಂಜಾಬಿನಲ್ಲಿ ಕಾಲುವೆ ನೀರಾವರಿ ಬಂದ ಮೇಲೆ ಸಾವಿರಾರು ಎಕರೆ ಕರಲು ಬಿದ್ದಿತು. ಅಲ್ಲಿನ ವಿಜ್ಞಾನಿಗಳಾದ ಪುರಿ ಮತ್ತು ಆನಂದ್ ಅಂಥ ಮಣ್ಣಿಗೆ ವಿದ್ಯುತ್ತು ಹಾಯಿಸಿ, ಸೋಡಿಯಮ್ಮನ್ನು ಕ್ಷಾರದ ರೂಪದಲ್ಲಿ ಹೊರಕ್ಕೆಳೆದು, 1936ರಲ್ಲಿ ಪ್ರಬಂಧ ಪ್ರಕಟಿಸಿದರು. ಅರ್ಧ ಶತಮಾನದ ಬಳಿಕ, 1987ರಲ್ಲಿ, ಹಾಲೆಂಡಿನ ಗ್ರೋನಿಂಗೆನ್ ನಗರದಲ್ಲಿ ಹಳೆಯ ಬಣ್ಣದ ಕಾರ್ಖಾನೆಯ ನೆಲದಲ್ಲಿ ಸೇರಿದ್ದ ಸೀಸ ಮತ್ತು ತಾಮ್ರವನ್ನು ಈ ರೀತಿ ಹೊರತೆಗೆಯುವ ಪ್ರಯೋಗ ನಡೆಯಿತು. 1995ರಲ್ಲಿ ಅಮೆರಿಕದ ಪಡೂಕ ಎಂಬಲ್ಲಿ, ಯುರೇನಿಯಂ ಸಂಸ್ಕರಿಸುವ ಕಾರ್ಖಾನೆಯ ಜೇಡಿ ನೆಲಕ್ಕೆ ಇಳಿದಿದ್ದ ಎಣ್ಣೆಜಿಡ್ಡು ತೊಳೆಯುವ ದ್ರಾವಕವನ್ನು ವಿದ್ಯುತ್ತಿನಿಂದ ಸರಿಸಿ, ನೆಲದೊಳಗೇ ನಿಲ್ಲಿಸಿದ ಪದರಗಳ ಮೂಲಕ ಹಾಯಿಸಿ ಹಿಡಿದರು.

ಈ ಉದಾಹರಣೆಗಳಲ್ಲಿ ಒಂದು ಸಾಮ್ಯವನ್ನು ಗಮನಿಸಿ. ಕೊನೆಯ ಎರಡೂ ಕಾರ್ಖಾನೆಯ ನೆಲಗಳು. ವಿಸ್ತಾರ ಸಣ್ಣದು, ವಿಷ ದೊಡ್ಡದು. ಪಂಜಾಬಿನ ಪ್ರಯೋಗ ಮಣ್ಣಿನ ಗುಣವನ್ನು ತೋರಿಸಿಕೊಟ್ಟಿತೇ ಹೊರತು ಬೇಸಾಯದ ವಾಡಿಕೆಯಾಗಲಿಲ್ಲ. ಏಕೆಂದು ತಿಳಿಯಲು ನಮ್ಮ ರೈತರ ಹೊಲಕ್ಕೆ ಮರಳೋಣ.

ಒಂದು ಎಕರೆಯ ಮೇಲಿನ ಒಂದು ಅಡಿ ಮಣ್ಣು ಸುಮಾರು 1,200 ಘನ ಮೀಟರು. ಒಂದು ಘನ ಮೀಟರು ಮಣ್ಣನ್ನು ತೊಳೆಯಲು ನೂರು ಯೂನಿಟ್ಟು ವಿದ್ಯುತ್ತು ಬೇಕೆಂದು ಇಟ್ಟುಕೊಳ್ಳೋಣ. ಈ ಕೆಲಸದಲ್ಲಿ ಇದೇನೂ ದುಂದು ಲೆಕ್ಕವಲ್ಲ. ಎಕರೆಗೆ 1,20,000 ಯೂನಿಟ್ಟಾಯಿತು. ಐದು ಅಶ್ವಶಕ್ತಿಯ ಪಂಪು ದಿನಕ್ಕೆ ಏಳು ಗಂಟೆ ಓಡಿದರೆ ಸುಮಾರು 26 ಯೂನಿಟ್ಟು ಖರ್ಚು. ಒಂದು ದಿನವೂ ಬಿಡದೆ ಹಾಗೆ ಓಡಿಸಿದರೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಸಾಗುವಷ್ಟು ವಿದ್ಯುತ್ತು ಅದು. ಅಲ್ಲದೆ ಮಣ್ಣು ಎಷ್ಟು ಉಪ್ಪಾಗಿದೆಯೋ ಅಷ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಅದರಲ್ಲಿ ಎಷ್ಟೋ ಪಾಲು ಬರಿಯ ಶಾಖವಾಗಿ ಪೋಲಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆಯೂ ಅದೇ ಬಾವಿಯ ನೀರನ್ನು ಅದೇ ಹೊಲಕ್ಕೆ ಹಾಯಿಸಿದರೆ ಉಪ್ಪು ಮತ್ತೆ ಬಂದು ಕೂರುತ್ತದೆ.

ಹಾಗಾದರೆ ಈ ವಿದ್ಯೆಯಿಂದ ನಮಗೆ ಪ್ರಯೋಜನವಿಲ್ಲವೆ? ಇದೆ. ಹೊಲವನ್ನು ಬಿಟ್ಟು ಕೊಡದ ಕಡೆಗೆ ನೋಡಬೇಕು. ನೀರಿನಲ್ಲಿ ಅಯಾನುಗಳಿಗೆ ಜೇಡಿಯ ತಡೆಯಿಲ್ಲ. ತೊಳೆಯಬೇಕಾದದ್ದೂ ಕಡಮೆ. ಕುಡಿಯಲು, ಅಡಿಗೆಗೆ ಒಂದು ಮನೆಗೆ ದಿನಕ್ಕೆ ಬೇಕಾದದ್ದು ಒಂದೆರಡು ಕೊಡವಷ್ಟೆ.

ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು, ನೀರಿನಲ್ಲಿ ಕಬ್ಬಿಣದ ಇಲ್ಲವೆ ಅಲ್ಯೂಮಿನಿಯಮ್ಮಿನ ತಗಡುಗಳನ್ನು ಇಳಿಸಿ ವಿದ್ಯುತ್ತು ಹಾಯಿಸುವುದು. ಧನಾಗ್ರದ ತಗಡು ಸ್ವಲ್ಪ ಸ್ವಲ್ಪವಾಗಿ ಕರಗಿ, ನೀರಿನಲ್ಲಿ ಹತ್ತಿಯ ಎಳೆಗಳಂಥ ಮೃದುವಾದ ಗರಣೆ ಕಟ್ಟುತ್ತದೆ. ಕೊಳೆ ಅದಕ್ಕೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಬಗ್ಗಡದ ನೀರಿಗೆ ಪಟಿಕದ ಕಲ್ಲನ್ನು ಆಡಿಸಿ ತಿಳಿಯಾಗಿಸುವುದನ್ನು ನಮ್ಮ ಅಜ್ಜಿಯರು ಬಲ್ಲರು. ಇಲ್ಲಿ ಪಟಿಕದ ಕೆಲಸವನ್ನು ತಗಡು ಮಾಡುತ್ತದೆ. ಪಶ್ಚಿಮ ಬಂಗಾಳದ ಧಪಧಪಿ ಎಂಬ ಊರಿನ ಪ್ರೌಢಶಾಲೆಯಲ್ಲಿ, ಬಾವಿಯ ನೀರಿನ ಆರ್ಸೆನಿಕ್ ವಿಷವನ್ನು ಕಬ್ಬಿಣದ ತಗಡುಗಳಿಂದ ತೆಗೆಯುವ, ದಿನಕ್ಕೆ ಹತ್ತು ಸಾವಿರ ಲೀಟರಿನ ಘಟಕವನ್ನು 2016ರಲ್ಲಿ ನಡೆಸಿ ತೋರಿಸಿದರು. ಅಮೆರಿಕದ ಬರ್ಕ್ಲಿಯಲ್ಲಿರುವ ಅಶೋಕ ಗಾಡಗೀಳರ ತಂಡವೂ ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾನಿಲಯವೂ ಸೇರಿ ಮಾಡಿದ ಕೆಲಸ ಅದು. ಅಲ್ಯೂಮಿನಿಯಂ ತಗಡು ಫ್ಲೋರೈಡನ್ನು ಹಿಡಿಯುತ್ತದೆ. ರೇಷ್ಮೆಗೆ ಬಣ್ಣ ಹಾಕಿ ಉಳಿದ ನೀರಿನ ಬಣ್ಣವನ್ನು ತೆಗೆಯುವುದಕ್ಕೂ ಈ ದಾರಿ ಒಪ್ಪುತ್ತದೆ. ಕೊಳ್ಳೇಗಾಲದಂಥ ನೇಯ್ಗೆಯ ಊರುಗಳವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಆದರೆ ಗುಂಡ್ಲುಪೇಟೆಯ ನೈಟ್ರೇಟು ಇಂಥ ಗರಣೆಗೆ ಸುಲಭವಾಗಿ ಸಿಕ್ಕುವುದಿಲ್ಲ. ಅದಕ್ಕೆ ಎರಡನೆಯ ದಾರಿ. ನೀರಿನ ತೊಟ್ಟಿಯಲ್ಲಿ ಎರಡು ಬಗೆಯ ತೆಳು ಪೊರೆಗಳನ್ನು ಒಂದಾದ ಮೇಲೊಂದರಂತೆ ಸಾಲಾಗಿ ನಿಲ್ಲಿಸುತ್ತಾರೆ. ಒಂದು ಬಗೆಯ ಪೊರೆ ಧನ ಅಯಾನುಗಳನ್ನು ಮಾತ್ರ ಒಳಬಿಡುತ್ತದೆ, ಇನ್ನೊಂದು ಋಣ ಅಯಾನುಗಳನ್ನು ಮಾತ್ರ. ವಿದ್ಯುತ್ತು ಎಳೆದಾಗ ಒಂದು ಕೋಣೆಯ ನೀರು ಸಿಹಿಯಾಗುತ್ತ, ಪಕ್ಕದ ಕೋಣೆಯ ನೀರು ಉಪ್ಪಾಗುತ್ತ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳು ಬೇರೆ ರೀತಿಯವು. ಅಲ್ಲಿ ನೀರನ್ನೇ ಒತ್ತಿ ಪೊರೆಯಾಚೆಗೆ ತಳ್ಳುತ್ತಾರೆ. ಅಂಥ ಘಟಕಗಳಲ್ಲಿ ಸಿಹಿನೀರಿನಷ್ಟೇ, ಕೆಲವೆಡೆ ಅದಕ್ಕಿಂತ ಹೆಚ್ಚು ನೀರು ಚರಂಡಿಯ ಪಾಲಾಗುವುದುಂಟು. ಉಪ್ಪು ಮಿತವಾಗಿರುವ ನೀರಿಗೆ ವಿದ್ಯುತ್ತಿನ ಪೊರೆಯಲ್ಲಿ ಈ ಪೋಲು ಕಡಮೆ. ಆದರೂ ಎರಡರಲ್ಲಿಯೂ ಉಪ್ಪಿನ ನೀರು ಉಳಿದೇ ಉಳಿಯುತ್ತದೆ. ಅದನ್ನು ಚರಂಡಿಗೆ ಬಿಟ್ಟರೆ ಅದು ಇಂಗಿ, ಮತ್ತೆ ಊರಿನ ಬಾವಿಗೆ ಬರುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇದು. ಉಪ್ಪನ್ನು ವಿದ್ಯುತ್ತು ನಾಶಮಾಡುವುದಿಲ್ಲ, ಸ್ಥಳ ಬದಲಾಯಿಸುತ್ತದೆ. ಪೊರಕೆ ಕಸವನ್ನು ಮೂಲೆಗೆ ಕೂಡಿಸಬಲ್ಲುದು. ಮೊರದಲ್ಲಿ ಎತ್ತಿ ಹೊರಹಾಕಬೇಕಾದವರು ನಾವು. ಎತ್ತಿದ್ದನ್ನು ಎಲ್ಲಿಗೆ ಹಾಕುತ್ತೇವೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅದಕ್ಕಿಂತ ಮೊದಲು, ಕಸ ಬೀಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ.

ನೈಟ್ರೇಟಿನ ವಿಷಯದಲ್ಲಿ ಇದು ಬರಿಯ ಉಪದೇಶವಲ್ಲ. ಲೀಟರಿಗೆ 90 ಮಿಲಿಗ್ರಾಂ ನೈಟ್ರೇಟು ಇರುವ ಬಾವಿಯನ್ನು ತೆಗೆದುಕೊಳ್ಳಿ. ಅಂದರೆ ನಮ್ಮ ದೇಶದ ಕುಡಿಯುವ ನೀರಿನ ಮಿತಿಯಾದ 45ರ ಎರಡರಷ್ಟು. ಆ ನೀರನ್ನು ಒಂದು ಎಕರೆಗೆ ಎರಡಂಗುಲ ಎತ್ತರದಂತೆ ಹತ್ತು ಸಲ ಹಾಯಿಸಿದರೆ, ನೀರಿನ ಜೊತೆಯಲ್ಲಿಯೇ ಸುಮಾರು 40 ಕಿಲೋಗ್ರಾಂ ಸಾರಜನಕ ಹೊಲಕ್ಕೆ ಸೇರುತ್ತದೆ. ಹೆಚ್ಚುಕಡಮೆ ಎರಡು ಮೂಟೆ ಯೂರಿಯಾದಲ್ಲಿರುವಷ್ಟು! ಇದನ್ನು ತಿಳಿಯದ ರೈತ ಅದರ ಮೇಲೆ ಎಂದಿನಂತೆ ಮೂಟೆ ಸುರಿಯುತ್ತಾನೆ. ಬೆಳೆಗೆ ಬೇಡವಾದದ್ದು ಬಾವಿಗೆ ಇಳಿಯುತ್ತದೆ. ತಿಳಿದವನು ಗೊಬ್ಬರವನ್ನು ತಕ್ಕಷ್ಟು ಇಳಿಸುತ್ತಾನೆ. ಆಗ ಬೆಳೆಯೇ ಬಾವಿಯ ನೈಟ್ರೇಟನ್ನು ಹೀರಿ, ಯಾವ ವಿದ್ಯುದ್ಯಂತ್ರವೂ ಇಲ್ಲದೆ ನೀರನ್ನು ತೊಳೆಯುತ್ತದೆ.

ಪಟ್ಟಣದಲ್ಲಿರುವ ನಿಮಗೆ ಇದರಿಂದೇನು ಎನ್ನಬೇಡಿ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಹಳ್ಳಿಯಲ್ಲಿ ಅಣ್ಣತಮ್ಮಂದಿರ ಜಮೀನಿದೆ; ಬಾಣಂತನಕ್ಕೆ ತವರಿಗೆ ಹೋದ ಮಗಳಿದ್ದಾಳೆ. ನೈಟ್ರೇಟು ಹೆಚ್ಚಿರುವ ನೀರಿನಲ್ಲಿ ಪುಡಿಹಾಲು ಕದಡಿ ಎಳೆಗೂಸಿಗೆ ಕುಡಿಸಿದರೆ ಮಗುವಿನ ರಕ್ತ ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟಬಹುದೆಂದು ಅಮೆರಿಕದ ಅಯೋವಾ ಪ್ರಾಂತದ ವೈದ್ಯರೊಬ್ಬರು 1945ರಲ್ಲಿಯೇ ವರದಿ ಮಾಡಿದರು. ಆರು ತಿಂಗಳೊಳಗಿನ ಶಿಶುಗಳಿಗೆ ಅಪಾಯ ಹೆಚ್ಚು. ಇಲ್ಲಿ ಒಂದು ಮಾತನ್ನು ಎಲ್ಲ ತಾಯಂದಿರೂ ನೆನಪಿಡಬೇಕು. ನೀರು ಕಾಯಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು, ಕ್ಯಾಂಡಲಿನ ಫಿಲ್ಟರಿನಲ್ಲಿಯೂ ಹೋಗದು. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ. ಜಿಲ್ಲೆಯ ನೀರಿನ ಪ್ರಯೋಗಶಾಲೆಗೆ ಒಂದು ಲೀಟರು ನೀರನ್ನು ಶುದ್ಧವಾದ ಸೀಸೆಯಲ್ಲಿ ತುಂಬಿ ಕೊಟ್ಟು, ನೈಟ್ರೇಟು ಎಷ್ಟು, ಫ್ಲೋರೈಡು ಎಷ್ಟು ಎಂದು ಕೇಳಿ ಬರೆಸಿಕೊಂಡು ಬನ್ನಿ.

ಆ ಹಳ್ಳಿಯ ರೈತರಿಗೆ ನಾನು ಕೊನೆಗೆ ಹೇಳಿದ್ದೂ ಇಷ್ಟೆ. ಹೊಲಕ್ಕೆ ಕರೆಂಟು ಬೇಡ. ನೀರನ್ನು ಪರೀಕ್ಷೆ ಮಾಡಿಸೋಣ, ಗೊಬ್ಬರ ಇಳಿಸೋಣ, ತಗ್ಗಿನ ನೀರು ಹರಿದುಹೋಗಲು ಒಂದು ಬಸಿಗಾಲುವೆ ತೆಗೆಯೋಣ. ಮನೆಯ ಕೊಡದ ನೀರಿಗೆ ಬೇಕಾದರೆ ಯಂತ್ರ ನೋಡೋಣ ಎಂದೆ. ಅವರು ಸ್ವಲ್ಪ ಹೊತ್ತು ಬೆಳ್ಳಗಿನ ಹುಡಿಯನ್ನೇ ನೋಡುತ್ತಿದ್ದು, "ಅಂಗಾದ್ರೆ ಇಷ್ಟು ವರ್ಸ ದುಡ್ಡು ಕೊಟ್ಟು ತಂದು ಬಾವಿಗೆ ಸುರಿದೋನು ನಾನೇಯ" ಎಂದರು. ಮಾರನೆಯ ವಾರ ಎರಡು ಸೀಸೆ ನೀರು ಕಳುಹಿಸಿಕೊಟ್ಟರು. ಒಂದು ಅವರ ಹೊಲದ ಬಾವಿಯದು. ಇನ್ನೊಂದು ಊರಿನ ಅಂಗನವಾಡಿಯ ನಲ್ಲಿಯದು. ಎರಡನೆಯದನ್ನು ತರುವಂತೆ ನಾನು ಹೇಳಿರಲಿಲ್ಲ.